ಘಾಟಿ ಹತ್ತಿಸುವುದು ಎಡಗಾಲೋ, ಎಣ್ಣೆಯೋ?

ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಫಾರ್ಚೂನರ್‌ನ ತಾಂತ್ರಿಕ ವಿವರಗಳಲ್ಲಿ ಒಂದು ಅಂಕಿ ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ. 2.8 ಲೀಟರ್ ಡೀಸೆಲ್ ಎಂಜಿನ್ ಎರಡು ಮಾದರಿಗಳಿಗೂ ಒಂದೇ. ಆದರೆ ಮ್ಯಾನ್ಯುವಲ್ ಗೇರ್ ಇರುವ ಗಾಡಿಯಲ್ಲಿ ಅದರ ಟಾರ್ಕ್ 420 ನ್ಯೂಟನ್ ಮೀಟರ್, ಆಟೊಮ್ಯಾಟಿಕ್ ಇರುವುದರಲ್ಲಿ 500. ಮಹೀಂದ್ರ ಸ್ಕಾರ್ಪಿಯೊ-ಎನ್ ಡೀಸೆಲ್‌ನಲ್ಲೂ ಹೀಗೆಯೇ. ಒಂದರಲ್ಲಿ 370, ಇನ್ನೊಂದರಲ್ಲಿ 400. ಟಾರ್ಕ್ ಎಂದರೆ ಚಕ್ರವನ್ನು ತಿರುಗಿಸುವ ಜೋರು. ಭಾರ ಎಳೆಯುವವನಿಗೆ ಬೇಕಾದದ್ದೇ ಅದು.

'ಎಳೆಯೋದಕ್ಕೆ ಗೇರ್ ಗಾಡಿಯೇ ಆಗಬೇಕು, ಆಟೊಮ್ಯಾಟಿಕ್ ಏನಿದ್ದರೂ ಸಿಟಿ ಟ್ರಾಫಿಕ್‌ಗೆ' ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಚಲಾವಣೆಯಲ್ಲಿದೆ. ಹಾಗಿದ್ದರೆ ಕಂಪನಿಯವರು ಮ್ಯಾನ್ಯುವಲ್ ಗಾಡಿಯ ಎಂಜಿನ್ನಿಗೇ ಯಾಕೆ ಮೂಗುದಾರ ಹಾಕಿದರು?

ಕಾರಣ ಎಂಜಿನ್ನಿನಲ್ಲಿ ಇಲ್ಲ, ನಮ್ಮ ಎಡಗಾಲಿನಲ್ಲಿದೆ. ಮ್ಯಾನ್ಯುವಲ್ ಗಾಡಿಯ ಕ್ಲಚ್ಚನ್ನು ಯಾರು, ಯಾವಾಗ, ಹೇಗೆ ಬಿಡುತ್ತಾರೆಂಬುದು ಎಂಜಿನಿಯರನ ಹಿಡಿತದಲ್ಲಿಲ್ಲ. ಎಂಜಿನ್ ರೇಸ್ ಮಾಡಿ ಥಟ್ಟನೆ ಕಾಲು ತೆಗೆದರೆ ಅಷ್ಟೂ ಹೊಡೆತ ಗೇರಿನ ಹಲ್ಲಿಗೆ, ಶಾಫ್ಟಿಗೆ, ಡಿಫರೆನ್ಶಿಯಲ್ಲಿಗೆ ಒಮ್ಮೆಲೇ ಬೀಳುತ್ತದೆ. ಅಂಥ ಕಾಲನ್ನೂ ತಾಳಿಕೊಳ್ಳುವಂತೆ ಗೇರ್‌ಬಾಕ್ಸ್ ಕಟ್ಟಬೇಕು, ಇಲ್ಲವೇ ಎಂಜಿನ್ನನ್ನು ಕೊಂಚ ತಗ್ಗಿಸಬೇಕು. ಆಟೊಮ್ಯಾಟಿಕ್‌ನಲ್ಲಿ ಆ ಹೊಡೆತವನ್ನು ನಡುವಿನ ಎಣ್ಣೆ ನುಂಗುತ್ತದೆ. ಗೇರ್ ಬದಲಾಗುವ ಗಳಿಗೆಯಲ್ಲಿ ಎಂಜಿನ್ನಿನ ಜೋರನ್ನು ಕಂಪ್ಯೂಟರ್ ತಾನೇ ಇಳಿಸುತ್ತದೆ. ಅಮೆರಿಕದಲ್ಲಿ ಈ ಅಂತರ ಇನ್ನೂ ಢಾಳಾಗಿ ಕಂಡಿತ್ತು. ಕುದುರೆ ಟ್ರೇಲರ್, ಟ್ರ್ಯಾಕ್ಟರುಗಳನ್ನು ಎಳೆಯುವ ರಾಮ್ ಪಿಕಪ್‌ಗಳಲ್ಲಿ 2018ರ ಮಾದರಿಯವರೆಗೂ ಕಮಿನ್ಸ್ ಡೀಸೆಲ್ ಜೊತೆ ಮ್ಯಾನ್ಯುವಲ್ ಗೇರ್ ಸಿಗುತ್ತಿತ್ತು. ಆ ವರ್ಷ ಮ್ಯಾನ್ಯುವಲ್‌ನಲ್ಲಿ ಟಾರ್ಕ್ ಸುಮಾರು 895 ನ್ಯೂಟನ್ ಮೀಟರ್. ಅದೇ ಎಂಜಿನ್ ಗಟ್ಟಿಮುಟ್ಟಾದ ಆಟೊಮ್ಯಾಟಿಕ್ ಜೊತೆ ಬಂದಾಗ 1,260. ಆ ಮಾದರಿಯ ನಂತರ ರಾಮ್ ಮ್ಯಾನ್ಯುವಲ್ಲನ್ನೇ ಕೈಬಿಟ್ಟಿತು. ಫೋರ್ಡ್ ಮತ್ತು ಜನರಲ್ ಮೋಟರ್ಸ್ ತಮ್ಮ ದೊಡ್ಡ ಪಿಕಪ್‌ಗಳಲ್ಲಿ ಅದಕ್ಕೂ ಮೊದಲೇ ಬಿಟ್ಟಿದ್ದವು.

ಆದರೆ ಪಿಕಪ್ ಲೆಕ್ಕ ಬೇರೆ, ಲಾರಿ ಲೆಕ್ಕ ಬೇರೆ. ಅದನ್ನು ನೋಡಲು ಶಿರಾಡಿ ಘಾಟಿಗೇ ಹೋಗಬೇಕು.

ನವಮಂಗಳೂರು ಬಂದರಿನಿಂದ ಬೆಂಗಳೂರಿಗೆ ಹೊರಟ ಟ್ರೇಲರ್ ಗುಂಡ್ಯ ದಾಟಿ ಏರು ಹಿಡಿದಿದೆ. ಮುಂದೆಲ್ಲೋ ಟ್ಯಾಂಕರ್ ಒಂದು ಕೆಟ್ಟು ನಿಂತು ಸಾಲು ಗಟ್ಟಿಯಾಗಿದೆ. ಅರ್ಧ ಗಂಟೆ ಬಿಟ್ಟು ಸಾಲು ನಾಲ್ಕು ಮಾರು ಸರಿಯುತ್ತದೆ. ಡ್ರೈವರ್ ಗಾಡಿ ಎತ್ತಬೇಕು. ಗೇರ್ ಫಸ್ಟ್‌ನಲ್ಲಿ, ಎಡಗಾಲು ಕ್ಲಚ್ ಮೇಲೆ, ಕೈ ಪಾರ್ಕಿಂಗ್ ಬ್ರೇಕಿನ ಮೇಲೆ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದಂತೆ ಒಂದು ಹಂತದಲ್ಲಿ ಕ್ಯಾಬಿನ್ ತುಸು ಮೂತಿ ಎತ್ತುತ್ತದೆ, ಎಂಜಿನ್ನಿನ ಸದ್ದು ದಪ್ಪವಾಗುತ್ತದೆ. ಪ್ಲೇಟ್ ಕಚ್ಚಿತು. ಬ್ರೇಕ್ ಬಿಡಬೇಕಾದದ್ದು ಆಗಲೇ. ಕೊಂಚ ಮೊದಲು ಬಿಟ್ಟರೆ ಗಾಡಿ ಹಿಂದಿನವನ ಬಂಪರಿಗೆ; ಕೊಂಚ ತಡವಾದರೆ ಕ್ಯಾಬಿನ್ ತುಂಬ ಸುಟ್ಟ ವಾಸನೆ. ಕ್ಲೀನರ್ ಕೆಳಗಿಳಿದು ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಗಾಡಿ ಸರಿದಂತೆ ಅದನ್ನು ಎತ್ತಿಕೊಂಡು ಜೊತೆಗೇ ಓಡುವ ದೃಶ್ಯ ಈ ದಾರಿಯ ಬಸ್ ಪ್ರಯಾಣಿಕರಿಗೆಲ್ಲ ಪರಿಚಿತ.

ಆ ವಾಸನೆಯ ಹಿಂದಿನ ಲೆಕ್ಕ ಸರಳ. ಒಟ್ಟು 40 ಟನ್ ತೂಕದ ಗಾಡಿ, ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆ ಎಂದಿಟ್ಟುಕೊಳ್ಳಿ. ಸುಮ್ಮನೆ ನಿಂತಾಗಲೇ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ 2.4 ಟನ್ ತೂಕದಷ್ಟು. ಎಂಜಿನ್ ನಿಮಿಷಕ್ಕೆ ಏಳೆಂಟು ನೂರು ಸುತ್ತು ತಿರುಗುತ್ತಿದೆ, ಚಕ್ರ ತಿರುಗುತ್ತಿಲ್ಲ. ಈ ಎರಡನ್ನೂ ಹೊಂದಿಸುವವರೆಗೆ ಕ್ಲಚ್ ಪ್ಲೇಟ್ ಜಾರುತ್ತಲೇ ಇರಬೇಕು. ಸಪಾಟು ರಸ್ತೆಯಲ್ಲಿ ಎಷ್ಟು ನಾಜೂಕಾಗಿ ಬಿಟ್ಟರೂ, ಗಾಡಿಗೆ ಓಟವಾಗಿ ದಕ್ಕುವಷ್ಟೇ ಶಕ್ತಿ ಪ್ಲೇಟಿನಲ್ಲಿ ಬಿಸಿಯಾಗಿ ಕರಗುತ್ತದೆ. ಏರಿನಲ್ಲಿ ಅದಕ್ಕಿಂತ ಹೆಚ್ಚು. ಒಣ ಪ್ಲೇಟಿಗೆ ಆ ಬಿಸಿಯನ್ನು ಕಳಿಸಲು ಬೇರೆ ಜಾಗವಿಲ್ಲ. ಒಮ್ಮೆ ಎರಡು ಬಾರಿಯಾದರೆ ಸಹಿಸುತ್ತದೆ. ಘಾಟಿಯ ಜಾಮ್‌ನಲ್ಲಿ ಸಾಲು ನಾಲ್ಕು ನಾಲ್ಕು ಮಾರು ಸರಿಯುತ್ತ ಹೋದರೆ, ಹಾಫ್ ಕ್ಲಚ್‌ನಲ್ಲೇ ಗಾಡಿ ಹಿಡಿದಿಡುವ ಡ್ರೈವರ್ ಸಕಲೇಶಪುರ ಮುಟ್ಟುವ ಹೊತ್ತಿಗೆ ಮಾಲೀಕನಿಗೆ ಫೋನ್ ಮಾಡಬೇಕಾಗುತ್ತದೆ. ಆಮೇಲೆ ರಸ್ತೆ ಬದಿಯಲ್ಲೇ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಬದಲಿಸಿ, ಮತ್ತೆ ಏರಿಸುವ ಕೆಲಸ.

ಇಲ್ಲಿಗೆ ಎಣ್ಣೆಯ ಪ್ರವೇಶ. ಜರ್ಮನಿಯ ಹರ್ಮನ್ ಫೊಟಿಂಗರ್ ಎಂಬ ಎಂಜಿನಿಯರ್ 1905ರಲ್ಲಿ ಪೇಟೆಂಟ್ ಪಡೆದ ಟಾರ್ಕ್ ಕನ್ವರ್ಟರ್ ಹುಟ್ಟಿದ್ದು ರಸ್ತೆಗಲ್ಲ, ಹಡಗಿಗೆ. ಉಗಿಯ ಟರ್ಬೈನ್ ವೇಗವಾಗಿ ತಿರುಗಬೇಕು, ನೀರಿನಲ್ಲಿರುವ ಪ್ರೊಪೆಲ್ಲರ್ ನಿಧಾನವಾಗಿ; ಎರಡನ್ನೂ ಕಬ್ಬಿಣಕ್ಕೆ ಕಬ್ಬಿಣ ತಾಗಿಸದೆ ಹೊಂದಿಸುವುದು ಅವನ ಮುಂದಿದ್ದ ತೊಡಕು. ಎಂಜಿನ್ನಿಗೆ ಸೇರಿದ ಒಂದು ಚಕ್ರ ಎಣ್ಣೆಯನ್ನು ಬೀಸಿ ಎಸೆಯುತ್ತದೆ, ಎದುರಿನ ಚಕ್ರ ಆ ಎಣ್ಣೆಯ ಹೊಡೆತಕ್ಕೆ ತಿರುಗುತ್ತದೆ. ಇಷ್ಟೇ ಆಗಿದ್ದರೆ ಅದು ಬರಿಯ ಜೋಡಣೆ. ಫೊಟಿಂಗರ್‌ನ ಜಾಣತನ ಇರುವುದು ನಡುವಿನ ಮೂರನೆಯ ಚಕ್ರದಲ್ಲಿ, ಸ್ಟೇಟರ್‌ನಲ್ಲಿ. ವಾಪಸು ಬರುವ ಎಣ್ಣೆಯ ದಿಕ್ಕನ್ನು ಅದು ತಿರುಗಿಸಿ ಮೊದಲ ಚಕ್ರಕ್ಕೆ ಒತ್ತಾಸೆಯಾಗಿ ಕಳಿಸುತ್ತದೆ. ಗಾಡಿ ನಿಂತಲ್ಲಿಂದ ಹೊರಡುವಾಗ, ಅಂದರೆ ಜೋರು ಅತಿ ಹೆಚ್ಚು ಬೇಕಾದಾಗಲೇ, ಎಂಜಿನ್ನಿನ ಟಾರ್ಕ್ ಸುಮಾರು ಎರಡು ಪಟ್ಟಾಗಿ ಗೇರ್‌ಬಾಕ್ಸಿಗೆ ಸಿಗುತ್ತದೆ. ಕ್ಲಚ್ ಎಷ್ಟೇ ಒಳ್ಳೆಯದಾದರೂ ಕೊಟ್ಟಷ್ಟನ್ನೇ ದಾಟಿಸಬಲ್ಲದು, ಒಂದು ಗುಂಜಿಯನ್ನೂ ಹೆಚ್ಚಿಸಲಾರದು.

ಬಿಸಿ ಇಲ್ಲೂ ಹುಟ್ಟುತ್ತದೆ, ಕಡಿಮೆಯೇನಲ್ಲ. ಆದರೆ ಹುಟ್ಟುವುದು ಎಣ್ಣೆಯಲ್ಲಿ. ಎಣ್ಣೆಯನ್ನು ಪಂಪ್ ಮಾಡಿ ಕೂಲರ್‌ಗೆ ಕಳಿಸಿ ತಣಿಸಿ ತರಬಹುದು. ಸವೆಯಲು ಅಲ್ಲಿ ಪ್ಲೇಟಿಲ್ಲ. ಭಾರ ಎಳೆಯುವ ಆಟೊಮ್ಯಾಟಿಕ್ ಗಾಡಿಯಲ್ಲಿ ಕೂಲರನ್ನು ಕಡೆಗಣಿಸಿದವನಿಗೆ ಮಾತ್ರ ಇದು ಮುಳುವಾಗುತ್ತದೆ. ಕಾದು ಕಪ್ಪಾದ ಎಣ್ಣೆ ಒಳಗಿನ ಸೀಲುಗಳನ್ನೂ ಚಿಕ್ಕ ಕ್ಲಚ್‌ಗಳನ್ನೂ ಹಾಳುಮಾಡುತ್ತದೆ; ಆಗ ಬರುವ ಬಿಲ್ಲಿನ ಮುಂದೆ ಕ್ಲಚ್ ಪ್ಲೇಟಿನ ಬಿಲ್ಲು ಚಿಲ್ಲರೆ.

ಹಳೆಯ ಆಟೊಮ್ಯಾಟಿಕ್‌ಗಳಿಗೆ ಕೆಟ್ಟ ಹೆಸರು ಬಂದದ್ದು ಸುಳ್ಳೇನಲ್ಲ. ಮೂರೋ ನಾಲ್ಕೋ ಗೇರು, ಓಟದಲ್ಲೂ ಜಾರುತ್ತಲೇ ಇರುವ ಕನ್ವರ್ಟರ್, ಅದರಿಂದ ಡೀಸೆಲ್ ದಂಡ. ಈಗ ವೇಗ ಹಿಡಿದ ಮೇಲೆ ಒಳಗಿನ ಲಾಕ್-ಅಪ್ ಕ್ಲಚ್ ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುತ್ತದೆ, ಗೇರುಗಳು ಎಂಟು, ಹತ್ತು. ದೂರು ಬಗೆಹರಿದು ಬಹಳ ಕಾಲವಾಗಿದೆ. ಹೆಸರು ಮಾತ್ರ ಉಳಿದುಕೊಂಡಿದೆ.

ಈ ಗೊಂದಲಕ್ಕೆ ಇನ್ನೊಂದು ಕಾರಣ ಎಎಂಟಿ. ನಮ್ಮಲ್ಲಿ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಈ ಅಗ್ಗದ ಆಟೊಮ್ಯಾಟಿಕ್‌ನಲ್ಲಿ ಎಣ್ಣೆಯ ಕನ್ವರ್ಟರ್ ಇಲ್ಲ. ಒಳಗಿರುವುದು ಅದೇ ಮ್ಯಾನ್ಯುವಲ್ ಗೇರ್‌ಬಾಕ್ಸು, ಅದೇ ಒಣ ಕ್ಲಚ್ಚು; ತುಳಿಯುವ ಕಾಲಿನ ಬದಲು ಯಂತ್ರದ ಕೈ. ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಮೇಲೆಯೇ ಕಾರನ್ನು ನಿಲ್ಲಿಸಿಕೊಳ್ಳುವವರು, 'ಆಟೊಮ್ಯಾಟಿಕ್ ತಾನೆ' ಎಂಬ ಧೈರ್ಯದಲ್ಲಿ ಆ ಕ್ಲಚ್ಚನ್ನು ಬೇಯಿಸುತ್ತಿರುತ್ತಾರೆ. ಅಂಥ ಕಾರಿನ ಹಿಂದೆ ಟ್ರೇಲರ್ ಕಟ್ಟಿ ಮಡಿಕೇರಿ ಹತ್ತಿಸುವ ಆಸೆ ಯಾರಿಗಾದರೂ ಇದ್ದರೆ ಬಿಡುವುದು ಒಳ್ಳೆಯದು.

ಸ್ವಾರಸ್ಯವೆಂದರೆ ಜಗತ್ತಿನ ದೊಡ್ಡ ಲಾರಿಗಳು ಆರಿಸಿಕೊಂಡದ್ದೂ ಇದೇ ಎಎಂಟಿಯನ್ನು. ವೋಲ್ವೊ 2001ರಲ್ಲಿ ತಂದ ಐ-ಶಿಫ್ಟ್ ಮೂಲತಃ 12 ಗೇರುಗಳ ಮ್ಯಾನ್ಯುವಲ್ ಪೆಟ್ಟಿಗೆ, ಕ್ಲಚ್ ಪೆಡಲ್ ಇಲ್ಲ ಅಷ್ಟೆ. ಕನ್ವರ್ಟರ್‌ಗಿಂತ ಹಗುರ, ಅಗ್ಗ, ನಷ್ಟ ಕಡಿಮೆ. ಕಾರಿನ ಎಎಂಟಿಗೂ ಇದಕ್ಕೂ ಇರುವ ವ್ಯತ್ಯಾಸ ತಿಳಿವಳಿಕೆಯದು. ಗಾಡಿ ಎಷ್ಟು ಭಾರವಿದೆ, ರಸ್ತೆ ಎಷ್ಟು ಏರಿದೆ ಎಂದು ಅಳೆದುಕೊಂಡು ಯಾವ ಗೇರಿನಲ್ಲಿ ಹೊರಡಬೇಕೆಂದು ಅದೇ ತೀರ್ಮಾನಿಸುತ್ತದೆ. ಹೊರಡುವವರೆಗೆ ಬ್ರೇಕನ್ನೂ ಅದೇ ಹಿಡಿದಿರುತ್ತದೆ. 2016ರಲ್ಲಿ ಇದಕ್ಕೆ ತೆವಳುವ ಗೇರುಗಳನ್ನು ಸೇರಿಸಿ, 325 ಟನ್ ಒಟ್ಟು ತೂಕವನ್ನೂ ನಿಂತಲ್ಲಿಂದ ಎತ್ತಬಹುದು ಎಂದು ವೋಲ್ವೊ ಹೇಳಿತು. ಅದೂ ಸಾಲದ ಕಡೆ ಎಣ್ಣೆ ಮತ್ತೆ ಹಾಜರ್. ಮರ್ಸಿಡಿಸ್‌ನ ಭಾರಿ ಸಾಗಣೆಯ ಆ್ಯಕ್ಟ್ರೊಸ್ ಲಾರಿಗಳಲ್ಲಿ ಹೊರಡುವ ಕೆಲಸವನ್ನಷ್ಟೇ ಎಣ್ಣೆಯ ಕ್ಲಚ್ಚಿಗೆ ಒಪ್ಪಿಸಿ, ಓಟ ಶುರುವಾದ ಮೇಲೆ ಒಣ ಕ್ಲಚ್ಚಿಗೆ ದಾಟಿಸುವ ಏರ್ಪಾಡಿದೆ.

ಚಿತ್ರದುರ್ಗ, ಗದಗದ ಕಡೆ ಗಾಳಿಯಂತ್ರದ ರೆಕ್ಕೆ, ಗೋಪುರ ಹೊತ್ತ ಗಾಡಿಗಳನ್ನು ನೋಡಿದವರಿಗೆ ಇದರ ಬೆಲೆ ಬೇಗ ಅರ್ಥವಾದೀತು. ದೊಡ್ಡ ಟ್ರಾನ್ಸ್‌ಫಾರ್ಮರ್‌ನಂಥ ಸರಕಿಗೆ ಮುಂದೊಂದು ಪುಲ್ಲರ್, ಹಿಂದಿನಿಂದ ತಳ್ಳಲು ಇನ್ನೊಂದು. ಎರಡರ ಡ್ರೈವರುಗಳೂ ವಾಕಿಟಾಕಿಯಲ್ಲಿ ಕೂಗಿಕೊಂಡು ಒಂದೇ ಗಳಿಗೆಗೆ ಕ್ಲಚ್ ಬಿಡಬೇಕು. ಒಬ್ಬ ಅರೆ ಕ್ಷಣ ಮುಂದಾದರೆ ಅಷ್ಟೂ ಭಾರ ಅವನೊಬ್ಬನ ಪ್ಲೇಟಿನ ಮೇಲೆ.

ಹೊರಟದ್ದಾಯಿತು, ಇನ್ನು ಹತ್ತುವ ಮಾತು. ಲೋಡ್ ಲಾರಿಗಳು ಘಾಟಿಯುದ್ದಕ್ಕೂ ಒಂದೇ ಗೇರಿನಲ್ಲಿ ಕುಂಯ್‌ಗುಡುತ್ತ ಹತ್ತುವುದನ್ನು ನೋಡಿ ಕಾರಿನವರು ಬೈಯುತ್ತಾರೆ. ಮೇಲಿನ ಗೇರ್ ಹಾಕಬಾರದೇ? ಹಾಕಬಾರದು. ಮ್ಯಾನ್ಯುವಲ್‌ನಲ್ಲಿ ಗೇರ್ ಬದಲಿಸಲು ಎರಡು ಸೆಕೆಂಡ್ ಹಿಡಿಯಿತು ಎನ್ನಿ. ಆ ಎರಡು ಸೆಕೆಂಡ್ ಚಕ್ರಕ್ಕೆ ಎಂಜಿನ್ನಿನ ನೆರವಿಲ್ಲ. ನೂರಕ್ಕೆ ಆರರ ಏರಿನಲ್ಲಿ ಅಷ್ಟರೊಳಗೆ ಗಾಡಿ ಗಂಟೆಗೆ ನಾಲ್ಕರಿಂದ ಐದು ಕಿಲೊಮೀಟರಿನಷ್ಟು ವೇಗ ಕಳೆದುಕೊಳ್ಳುತ್ತದೆ. ಹದಿನೈದರಲ್ಲಿ ಇದ್ದದ್ದು ಹತ್ತೂವರೆಗೆ ಇಳಿದಿರುತ್ತದೆ. ಹಾಕಿದ ಗೇರಿಗೆ ಆ ವೇಗ ಸಾಲದೆ ಎಂಜಿನ್ ಬಡಿದುಕೊಳ್ಳುತ್ತದೆ, ಮತ್ತೆ ಕೆಳಗಿನ ಗೇರಿಗೇ ಬರಬೇಕು, ಅದಕ್ಕೆ ಇನ್ನೆರಡು ಸೆಕೆಂಡ್. ನಡುವೆ ಗೇರ್ ಸಿಗದೆ ಹೋದರೆ ಗಾಡಿ ನಿಂತೇಬಿಡುತ್ತದೆ. ಅನುಭವಸ್ಥ ಡ್ರೈವರ್ ಏರು ಶುರುವಾಗುವ ಮೊದಲೇ ಸರಿಯಾದ ಗೇರಿಗೆ ಇಳಿದುಬಿಡುತ್ತಾನೆ. ಹೊಸಬ ಎಂಜಿನ್ ಏದುಸಿರು ಬಿಟ್ಟ ಮೇಲೆ ಇಳಿಯುತ್ತಾನೆ.

ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಈ ಕಂದರವೇ ಇಲ್ಲ. ಒಳಗಿನ ಒಂದು ಕ್ಲಚ್ ಬಿಡುತ್ತಿರುವಾಗಲೇ ಇನ್ನೊಂದು ಹಿಡಿಯುತ್ತದೆ, ಚಕ್ರಕ್ಕೆ ಜೋರು ಹರಿಯುತ್ತಲೇ ಇರುತ್ತದೆ. ಗಣಿಗಳಲ್ಲಿ ಓಡುವ ದೊಡ್ಡ ಡಂಪರುಗಳು ಮ್ಯಾನ್ಯುವಲ್ ಕ್ಲಚ್ಚಿನ ತಂಟೆಗೆ ಹೋಗದಿರುವುದು ಅದಕ್ಕೇ. ನಮ್ಮ ಬಿಇಎಂಎಲ್‌ನ ಮೈಸೂರು ಕಾರ್ಖಾನೆಯಲ್ಲಿ ತಯಾರಾಗಿ ಕಲ್ಲಿದ್ದಲು ಗಣಿಗಳಿಗೆ ಹೋಗುವ ಡಂಪರುಗಳು ಇದೇ ಜಾತಿಯವು. ಎಎಂಟಿ ಮಾತ್ರ ಇಲ್ಲಿ ಮ್ಯಾನ್ಯುವಲ್‌ನ ಸೋದರನೇ. ಅದಕ್ಕೂ ನಡುವೆ ಅರೆ ಗಳಿಗೆ ಬಿಡುವು ಬೇಕು, ಮನುಷ್ಯನಿಗಿಂತ ಚುರುಕು ಅಷ್ಟೆ. ಡ್ರೈವರಿನ ಮುಂದಾಲೋಚನೆಯನ್ನು ಅದು ಹೊಸ ದಾರಿಯಲ್ಲಿ ಗಳಿಸಿಕೊಳ್ಳುತ್ತಿದೆ. ಯುರೋಪಿನ ಲಾರಿಗಳು ಉಪಗ್ರಹದ ನಕ್ಷೆ ನೋಡಿಕೊಂಡು, ಮುಂದಿನ ತಿರುವಿನಾಚೆ ಏರಿದೆಯೋ ಇಳಿತವಿದೆಯೋ ಎಂದು ತಿಳಿದು ಗೇರ್ ಹಾಕುತ್ತವೆ. ದಾರಿ ಬಲ್ಲ ಹಳೆಯ ಡ್ರೈವರಿನ ಕೊನೆಯ ಹೆಚ್ಚುಗಾರಿಕೆಯೂ ಹೀಗೆ ಕೈ ಜಾರುತ್ತಿದೆ.

ಹತ್ತುವಾಗ ಸೋತರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ಸೋತರೆ ನಿಲ್ಲುವುದಿಲ್ಲ. ಗೇರ್‌ಬಾಕ್ಸಿನ ನಿಜವಾದ ಪರೀಕ್ಷೆ ಅಲ್ಲಿ.

ಅದೇ 40 ಟನ್ ಗಾಡಿ 700 ಮೀಟರ್ ಎತ್ತರ ಇಳಿದರೆ ಎಲ್ಲೋ ಒಂದು ಕಡೆ ಕರಗಿಸಬೇಕಾದ ಶಕ್ತಿ ಸುಮಾರು 76 ಯೂನಿಟ್. ಕರೆಂಟ್ ಬಿಲ್ಲಿನಲ್ಲಿ ಬರುವ ಯೂನಿಟ್ಟೇ ಇದು. ಸಣ್ಣ ಮನೆಯೊಂದು ತಿಂಗಳಿಡೀ ಬಳಸುವಷ್ಟನ್ನು ಒಂದು ಗಂಟೆಯೊಳಗೆ ಬ್ರೇಕ್ ಡ್ರಮ್ಮುಗಳ ಮೇಲೆ ಸುರಿದಂತೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರ್ ಹೊಳಪೇರಿ ಜಾರುತ್ತದೆ, ಪೆಡಲ್ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲ. 1931ರಲ್ಲಿ ಕಮಿನ್ಸ್ ಕಂಪನಿಯ ಸ್ಥಾಪಕ ಕ್ಲೆಸ್ಸಿ ಕಮಿನ್ಸ್ ತನ್ನ ಡೀಸೆಲ್ ಎಂಜಿನ್ನಿನ ಲಾರಿಯಲ್ಲಿ ಅಮೆರಿಕವನ್ನು ಅಡ್ಡ ದಾಟುತ್ತಿದ್ದಾಗ ಕ್ಯಾಲಿಫೋರ್ನಿಯಾದ ಕಹೋನ್ ಘಾಟಿಯಲ್ಲಿ ಆದದ್ದು ಇದೇ. ಬ್ರೇಕ್ ಸತ್ತ ಲಾರಿ ಕೆಳಗಿನ ರೈಲ್ವೆ ಗೇಟಿನತ್ತ ನುಗ್ಗಿತು, ಗೂಡ್ಸ್ ರೈಲಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು. ಆ ಭಯ ಅವನ ತಲೆಯಿಂದ ಇಳಿಯಲೇ ಇಲ್ಲ. ಎಂಜಿನ್ನನ್ನೇ ಬ್ರೇಕಾಗಿಸುವ ಉಪಾಯವನ್ನು ಅವನು ಕಂಡುಕೊಂಡದ್ದು ಬಹಳ ವರ್ಷಗಳ ಮೇಲೆ. 1961ರಲ್ಲಿ ಜೇಕಬ್ಸ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಲಾರಿ ಲೋಕ ಅದನ್ನು ಇಂದಿಗೂ 'ಜೇಕ್ ಬ್ರೇಕ್' ಎನ್ನುತ್ತದೆ.

ಎಂಜಿನ್ ತಡೆಯಬೇಕಾದರೆ ಅದು ಚಕ್ರಕ್ಕೆ ಗೇರಿನ ಮೂಲಕ ಕಟ್ಟಿಕೊಂಡಿರಬೇಕು. ಹತ್ತುವ ಗೇರಿನಲ್ಲೇ ಇಳಿಸು ಎಂದು ಹಳಬರು ಹೇಳಿಕೊಟ್ಟದ್ದು ಈ ಕಾರಣಕ್ಕೆ. ಇದಕ್ಕೆ ತದ್ವಿರುದ್ಧವಾದ ಚಟವೂ ನಮ್ಮ ರಸ್ತೆಗಳಲ್ಲಿದೆ: ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಬಿಡುವುದು. ಇದರಲ್ಲಿ ಉಳಿತಾಯವೂ ಇಲ್ಲ. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಡೀಸೆಲ್ಲನ್ನು ಪೂರ್ತಿ ನಿಲ್ಲಿಸುತ್ತವೆ; ನ್ಯೂಟ್ರಲ್‌ನಲ್ಲಾದರೆ ಐಡಲಿಂಗ್‌ಗೆ ಕುಡಿಯುತ್ತಲೇ ಇರುತ್ತವೆ. ಒಮ್ಮೆ ವೇಗ ಮಿತಿಮೀರಿದರೆ ಭಾರಿ ಗೇರ್‌ಬಾಕ್ಸ್ ಮತ್ತೆ ಗೇರನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಲ್ಲಿಗೆ ಹಲ್ಲು ಉಜ್ಜುವ ಕರ್ಕಶ ಸದ್ದಷ್ಟೇ ಕೈಗೆ ಸಿಗುತ್ತದೆ.

ಇಳಿಯುವ ವಿಷಯದಲ್ಲಿ ಹಳೆಯ ಆಟೊಮ್ಯಾಟಿಕ್‌ಗಳು ನಿಜಕ್ಕೂ ದುರ್ಬಲವಾಗಿದ್ದವು. ಎಣ್ಣೆಯ ಜೋಡಣೆ ಹಿಮ್ಮುಖವಾಗಿ ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಗಾಡಿ ಜಾರಿದ ಹಾಗಾಗುತ್ತಿತ್ತು. ಲಾಕ್-ಅಪ್ ಬಂದ ಮೇಲೆ ಆ ಕೊರತೆ ತುಂಬಿತು. ರಿಟಾರ್ಡರ್ ಬಂದ ಮೇಲೆ ಆಟೊಮ್ಯಾಟಿಕ್ ಒಂದು ಹೆಜ್ಜೆ ಮುಂದೆಯೇ ಹೋಯಿತು. ಗೇರ್‌ಬಾಕ್ಸಿಗೆ ಸೇರಿದ ಈ ಸಾಧನದಲ್ಲಿ ಗಾಡಿಯನ್ನು ತಡೆಯುವುದು ಎಣ್ಣೆಯೇ. ಬಿಸಿ ರೇಡಿಯೇಟರಿಗೆ, ಬ್ರೇಕ್ ಡ್ರಮ್ ತಣ್ಣಗೆ. ಮ್ಯಾನ್ಯುವಲ್ ಗಾಡಿಗೂ ರಿಟಾರ್ಡರ್ ಹಾಕಬಹುದು, ಆದರೆ ಗೇರು, ಎಂಜಿನ್ ಬ್ರೇಕು, ರಿಟಾರ್ಡರ್ ಮೂರನ್ನೂ ಒಂದೇ ತಲೆ ನಡೆಸಿದಾಗ ಸಿಗುವ ಹಿಡಿತವೇ ಬೇರೆ. ಇಪ್ಪತ್ತೈದರ ವೇಗದಲ್ಲಿ ಇಳಿ ಎಂದು ಒಮ್ಮೆ ಹೇಳಿದರೆ ಅದು ಇಪ್ಪತ್ತೈದರಲ್ಲೇ ಇಳಿಯುತ್ತದೆ.

ಇಷ್ಟೆಲ್ಲ ಆದಮೇಲೂ ನಮ್ಮ ಹೆದ್ದಾರಿಯ ಲಾರಿಗಳಲ್ಲಿ ಗೇರ್ ರಾಡ್ ಯಾಕೆ ಅಲ್ಲಾಡುತ್ತಲೇ ಇದೆ? ಟಾಟಾ, ಭಾರತ್‌ಬೆಂಜ್‌ಗಳು ಕೆಲವು ಭಾರಿ ಮಾದರಿಗಳಲ್ಲಿ ಎಎಂಟಿ ಕೊಡುತ್ತಿವೆ. ವೋಲ್ವೊ 1998ರಿಂದಲೂ ಹೊಸಕೋಟೆಯಲ್ಲಿದೆ. ಯಂತ್ರಕ್ಕೆ ಕೊರತೆಯಿಲ್ಲ. ನನ್ನ ಮಟ್ಟಿಗೆ ಉತ್ತರ ಒಂದೇ: ಡ್ರೈವರಿನ ಮೊಣಕಾಲಿನ ಸವಕಳಿ ಯಾವ ಮಾಲೀಕನ ಖರ್ಚಿನ ಪುಸ್ತಕದಲ್ಲೂ ಬರುವುದಿಲ್ಲ. ಎಎಂಟಿಯ ಹೆಚ್ಚುವರಿ ಬೆಲೆ ಮೊದಲ ದಿನವೇ ಕಾಣುತ್ತದೆ. ದಿನಕ್ಕೆ ನೂರಾರು ಸಲ ಗಟ್ಟಿ ಕ್ಲಚ್ ತುಳಿಯುವ ಕಾಲಿನ ನೋವು ಕಾಣುವುದಿಲ್ಲ. ಲಾರಿ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಲು ನಮ್ಮಲ್ಲಿ 2025ರ ಅಕ್ಟೋಬರ್ ಬರಬೇಕಾಯಿತು ಎಂದರೆ ಅಂದಾಜು ಮಾಡಿಕೊಳ್ಳಿ. ಮಾಲೀಕರ ಪರವಾಗಿಯೂ ಒಂದು ಮಾತು ಹೇಳಬೇಕು. ಮ್ಯಾನ್ಯುವಲ್ ಗಾಡಿ ಹಿರಿಯೂರಿನಲ್ಲಿ ಕೆಟ್ಟರೆ ಹಿರಿಯೂರಿನಲ್ಲೇ ರಿಪೇರಿಯಾಗುತ್ತದೆ. ಎಎಂಟಿಯ ಸೆನ್ಸರ್ ಮುನಿಸಿಕೊಂಡರೆ ಲ್ಯಾಪ್‌ಟಾಪ್ ಹಿಡಿದವನು ಬರುವವರೆಗೆ ಗಾಡಿ, ಲೋಡು, ಬಾಡಿಗೆ ಮೂರೂ ರಸ್ತೆ ಬದಿಯಲ್ಲಿ. ಹೊಸ ಡ್ರೈವರುಗಳು ಸಿಗುತ್ತಿಲ್ಲ ಎಂಬ ಗೋಳು ಹೆಚ್ಚಿದಂತೆ ಈ ತಕ್ಕಡಿ ವಾಲುತ್ತದೆ, ವಾಲತೊಡಗಿದೆ ಕೂಡ.

ವಾಲದಿರುವ ಜಾಗ ಕಬ್ಬಿನ ಸೀಮೆ. ಮುಧೋಳ, ಜಮಖಂಡಿ, ಅಥಣಿಯ ದಾರಿಗಳಲ್ಲಿ ಹಂಗಾಮು ಬಂತೆಂದರೆ ಐವತ್ತು ಎಚ್‌ಪಿ ಆಸುಪಾಸಿನ ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್, ಮೇಲೆ ಆಕಾಶಕ್ಕೆ ಮುಟ್ಟುವ ಕಬ್ಬು. ದಿಬ್ಬದಲ್ಲಿ ಕ್ಲಚ್ ಬಿಟ್ಟರೆ ಮುಂಚಕ್ರಗಳು ನೆಲ ಬಿಟ್ಟು ಮೇಲೇಳುತ್ತವೆ. ಸ್ಟಿಯರಿಂಗ್ ತಿರುಗಿಸಿ ಫಲವಿಲ್ಲ, ಎಡ ಬಲದ ಬ್ರೇಕುಗಳನ್ನು ಬೇರೆ ಬೇರೆ ಒತ್ತಿ ದಾರಿಗೆ ತರಬೇಕು. ಸುತ್ತಲಿನವರು ಸಿಳ್ಳೆ ಹೊಡೆಯುತ್ತಾರೆ. ಯುರೋಪಿನಲ್ಲಿ ಫೆಂಟ್ ಕಂಪನಿ 1990ರ ದಶಕದ ನಡುವೆಯೇ ಗೇರಿನ ಮೆಟ್ಟಿಲುಗಳೇ ಇಲ್ಲದ, ಸೊನ್ನೆಯಿಂದ ಪೂರ್ತಿ ವೇಗದವರೆಗೆ ನುಣ್ಣಗೆ ಏರುವ ಟ್ರ್ಯಾಕ್ಟರ್ ತಂದಿತ್ತು. ಅದರ ಬೆಲೆಗೆ ನಮ್ಮಲ್ಲಿ ಎಷ್ಟು ಟ್ರ್ಯಾಕ್ಟರ್ ಬಂದಾವು ಎಂದು ಕೇಳಿದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಕ್ಲಚ್ಚೋ ಎಣ್ಣೆಯೋ ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟವರು ರೈಲಿನವರು. ಶಿರಾಡಿಯ ಪಕ್ಕದಲ್ಲೇ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ 55 ಕಿಲೊಮೀಟರ್ ಹಳಿಯಲ್ಲಿ ಏರು ಐವತ್ತಕ್ಕೆ ಒಂದು. ಅಲ್ಲಿ ಗೂಡ್ಸ್ ಎಳೆದ ದೊಡ್ಡ ಡೀಸೆಲ್ ಲೋಕೊಗಳಲ್ಲಿ ಗೇರ್ ಬದಲಿಸುವ ಮಾತೇ ಇಲ್ಲ. ಎಂಜಿನ್ ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ತಿನಿಂದ ಚಕ್ರದ ಮೋಟರು ತಿರುಗುತ್ತದೆ. ವಿದ್ಯುತ್ ಮೋಟರು ನಿಂತಲ್ಲೇ ಪೂರ್ತಿ ಜೋರು ಕೊಡಬಲ್ಲದು, ಹಾಗಾಗಿ ಜಾರಿಸಲು ಪ್ಲೇಟೂ ಬೇಡ, ಬೀಸಲು ಎಣ್ಣೆಯೂ ಬೇಡ. ಬ್ಯಾಟರಿ ಲಾರಿಗಳು ಬರುತ್ತಿರುವುದು ಇದೇ ಹಾದಿಯಲ್ಲಿ, ಇಳಿಯುವಾಗಿನ 76 ಯೂನಿಟ್ಟಿನಲ್ಲಿ ಒಂದು ಪಾಲನ್ನು ಬ್ಯಾಟರಿಗೆ ಮರಳಿ ತುಂಬಿಕೊಳ್ಳುವ ಲಾಭದ ಜೊತೆಗೆ. ಆದರೆ ಬ್ಯಾಟರಿಯಲ್ಲಿ ಜಾಗ ಖಾಲಿ ಇದ್ದರೆ ತಾನೆ ತುಂಬಿಕೊಳ್ಳುವುದು? ಸಕಲೇಶಪುರದಲ್ಲಿ ನಿಲ್ಲಿಸಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಘಾಟಿ ಇಳಿಯಹೊರಟ ಲಾರಿಗೆ ಮೋಟರಿನ ತಡೆ ಸಿಗುವುದು ಕಷ್ಟ. ಭಾರವೆಲ್ಲ ಮತ್ತೆ ಬ್ರೇಕಿನ ಮೇಲೆಯೇ ಬೀಳುತ್ತದೆ. ಮಂಗಳೂರಿಗೆ ಇಳಿಯುವ ಗಾಡಿ ಚಾರ್ಜಿಂಗನ್ನು ಪೂರ್ತಿಯಾಗುವ ಮೊದಲೇ ನಿಲ್ಲಿಸಿ ಹೊರಡಬೇಕು, ಹತ್ತಿ ಬರುವ ಗಾಡಿ ಗುಂಡ್ಯಕ್ಕೆ ಮೊದಲೇ ಪೂರ್ತಿ ತುಂಬಿಕೊಳ್ಳಬೇಕು.